ಊಟವಾದ ಮೇಲಿನ ಹೊಟ್ಟೆ ಉಬ್ಬರಕ್ಕೆ ಅಕ್ಯುಪಂಕ್ಚರ್: 30+30 ಜನರ ಟ್ರಯಲ್ ಲೆಕ್ಕಕ್ಕೆ ನಿಲ್ಲುತ್ತಾ?

ಪಿಜಿ_ಸಿನಾಪ್ಸಿಸ್:
ಪ್ರಕೃತಿ ಚಿಕಿತ್ಸೆ ಎಂಡಿ ಥೀಸಿಸ್‌ಗೆ ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ತಯಾರಾಗುತ್ತಿದೆ. ವಿಷಯ ಫಂಕ್ಷನಲ್ ಡಿಸ್ಪೆಪ್ಸಿಯಾ (ಹುಣ್ಣಿನಂಥ ಕಾರಣ ಕಾಣದ ಅಜೀರ್ಣ), ಅದರಲ್ಲೂ ಊಟವಾದ ಮೇಲೆ ಹೊಟ್ಟೆ ಭಾರವಾಗುವ ಬಗೆ. ಪ್ಲಾನ್ ಹೀಗಿದೆ: 30 ಜನಕ್ಕೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಯ ಜೊತೆ ಅಕ್ಯುಪಂಕ್ಚರ್, ಇನ್ನು 30 ಜನಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ವಾರಕ್ಕೆ 3 ಸಲ, 4 ವಾರ, ಪ್ರತಿ ಸಲ 20 ನಿಮಿಷ. ಹೊಟ್ಟೆ, ಕಾಲು, ಕೈ, ಪಾದದಲ್ಲಿ ಸೂಜಿ ಚುಚ್ಚುವ ಪಾಯಿಂಟ್‌ಗಳು ಸಿವಿ 12, ಎಸ್‌ಟಿ 36, ಪಿಸಿ 6, ಎಸ್‌ಪಿ 4.

ಕೇಳಬೇಕಿರುವುದು ನಾಲ್ಕು. ಎಂಡೋಸ್ಕೋಪಿ ಬೇಕೇ ಬೇಕಾ, ಅಲ್ಟ್ರಾಸೌಂಡ್ ಸಾಲದಾ? ಓಪಿ (ಹೊರರೋಗಿ) ನಂಬರ್ ಸಮ-ಬೆಸ ನೋಡಿ ಗುಂಪು ಹಂಚಬಹುದಾ? ಶಾಮ್ ಸೂಜಿ (ಹೋಲಿಕೆಗಾಗಿ ಮಾಡುವ ನಕಲಿ ಚುಚ್ಚುವಿಕೆ) ಇಲ್ಲದೆ ನಡೆಯುತ್ತಾ? 60 ಜನ ಸಾಕಾ?

ಜಠರಾಗ್ನಿ:
ಎಂಡೋಸ್ಕೋಪಿ ಬೇಕೇ ಬೇಕು. ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲು ತೋರಿಸುತ್ತದೆ, ಜಠರದ ಹುಣ್ಣು ತೋರಿಸುವುದಿಲ್ಲ. ಇಂಥ ಹೊಟ್ಟೆ ತೊಂದರೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ರೋಮ್ 4 ಮಾನದಂಡದಲ್ಲಿ ಈ ತೊಂದರೆಗೆ ಕಾರಣವಾಗಬಲ್ಲ ರಚನಾತ್ಮಕ ರೋಗ ಇಲ್ಲ ಅನ್ನುವುದೇ ಒಂದು ಷರತ್ತು. ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು, ಕಳೆದ 3 ತಿಂಗಳು ಬಿಡದೆ ಇರಬೇಕು, ನಿಮ್ಮ ಬಗೆಗೆ ವಾರದಲ್ಲಿ ಕನಿಷ್ಠ 3 ದಿನ. ತೂಕ ಇಳಿದಿದೆ, ನುಂಗಲು ಕಷ್ಟ, ಮಲ ಕಪ್ಪಗಿದೆ, ರಕ್ತಹೀನತೆ ಇದೆ ಅಂದರೆ ಅವರನ್ನು ಟ್ರಯಲ್‌ಗಲ್ಲ, ತಪಾಸಣೆಗೆ ಕಳಿಸಿ. ಮಧುಮೇಹ ಇದ್ದವರನ್ನೂ ಬಿಡಿ. ಅವರಲ್ಲಿ ಜಠರವೇ ನಿಧಾನವಾಗಿ ಖಾಲಿಯಾಗುತ್ತಿರಬಹುದು, ಅದು ಬೇರೆ ಕಥೆ.

ಎಚ್. ಪೈಲೋರಿ (ಜಠರದಲ್ಲಿ ಸೋಂಕು ಮಾಡುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸುವಾಗ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆ 2 ವಾರ, ಆಂಟಿಬಯೋಟಿಕ್ 4 ವಾರ ಮೊದಲೇ ನಿಂತಿರಬೇಕು. ಇಲ್ಲದಿದ್ದರೆ ಇದ್ದ ಸೋಂಕೂ ಇಲ್ಲವೆಂದು ಬರುತ್ತದೆ.

ನಮ್ಮ ಕಡೆ ದೊಡ್ಡ ಎಡವಟ್ಟು 'ಗ್ಯಾಸ್ಟ್ರಿಕ್' ಅನ್ನುವ ಪದ. ಎದೆನೋವು, ಬೆನ್ನು ಹಿಡಿದದ್ದು, ಹುಳಿತೇಗು, ಮಲಬದ್ಧತೆ, ತಲೆಸುತ್ತು ಎಲ್ಲವೂ ನಮಗೆ ಗ್ಯಾಸ್ಟ್ರಿಕ್ಕೇ. ಪ್ರಶ್ನಾವಳಿಯಲ್ಲಿ ಆ ಪದ ಬಂದರೆ ಉತ್ತರ ಎಲ್ಲಿಗೋ ಹೋಗುತ್ತದೆ. 'ಬೇಗ ತೃಪ್ತಿಯಾಗುತ್ತದೆಯೇ' ಅಂತ ಕೇಳಿದರೆ ಜನ ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡು ಹೌದು ಅನ್ನುತ್ತಾರೆ. ಹೀಗೆ ಕೇಳಿ: 'ಮಾಮೂಲಾಗಿ ಎರಡು ಮುದ್ದೆ ತಿನ್ನುವವರು ಒಂದಕ್ಕೇ ಸಾಕಾಗಿ ತಟ್ಟೆ ಸರಿಸಿದ ದಿನ ಕಳೆದ ವಾರ ಎಷ್ಟು?' ಮುದ್ದೆ ತಿನ್ನದವರಿಗೆ ಚಪಾತಿ ಲೆಕ್ಕ ಹಾಕಿ. ಸಿದ್ಧ ಪ್ರಶ್ನಾವಳಿ ಬಳಸುವುದಾದರೆ ಅನುಮತಿ ತೆಗೆದುಕೊಂಡು ಕನ್ನಡಕ್ಕೆ ತಂದು, ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು.

ಲೆಕ್ಕದ_ಪುಸ್ತಕ:
ಸಮ-ಬೆಸ ಬೇಡವೇ ಬೇಡ. ಅದು ರ‍್ಯಾಂಡಮೈಸೇಶನ್ (ಯಾರೂ ಊಹಿಸಲಾಗದಂತೆ ಗುಂಪು ಹಂಚುವುದು) ಅಲ್ಲ. ಮುಂದಿನವರು ಯಾವ ಗುಂಪು ಅಂತ ಸೇರಿಸಿಕೊಳ್ಳುವವರಿಗೆ ಮೊದಲೇ ಗೊತ್ತಿರುತ್ತದೆ. 'ಇವರು ದೂರದಿಂದ ಬಂದಿದ್ದಾರೆ, 12 ಸಲ ಬರಲ್ಲ' ಅನ್ನಿಸಿದರೆ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ದಕ್ಷಿಣ ಕನ್ನಡದ ಮಳೆಗಾಲದಲ್ಲಂತೂ ಕೇಳಲೇಬೇಡಿ.

ಗುಂಪು ಹಂಚಲು ಲಕೋಟೆ ಸಾಕು, ಆದರೆ ಸರಿಯಾಗಿ ಮಾಡಿ. ಪಟ್ಟಿಯನ್ನು ಟ್ರಯಲ್‌ಗೆ ಸಂಬಂಧವಿಲ್ಲದವರು ಕಂಪ್ಯೂಟರಿನಲ್ಲಿ ಮಾಡಲಿ, ಬ್ಲಾಕ್ (ಎರಡೂ ಗುಂಪಿಗೆ ಸಮನಾಗಿ ಜನ ಬೀಳುವ ತುಂಡು) ಗಾತ್ರ 4 ಮತ್ತು 6 ಬೆರೆಸಲಿ. ಬರೀ 4 ಇದ್ದರೆ ಪ್ರತಿ ಬ್ಲಾಕಿನ ಕೊನೆಯದನ್ನು ಯಾರು ಬೇಕಾದರೂ ಊಹಿಸಬಹುದು. ಗುಂಪಿನ ಹೆಸರಿರುವ ಚೀಟಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಡಿ, ಟ್ಯೂಬ್‌ಲೈಟಿಗೆ ಹಿಡಿದರೂ ಒಳಗಿನದು ಕಾಣಬಾರದು. ಒಳಗೊಂದು ಕಾರ್ಬನ್ ಹಾಳೆ ಇರಲಿ. ಲಕೋಟೆಯ ಮೇಲೆ ರೋಗಿಯ ಸಂಖ್ಯೆ, ದಿನಾಂಕ ಬರೆದರೆ ಚೀಟಿಯ ಮೇಲೂ ಮೂಡುತ್ತದೆ. ಬರೆದ ಮೇಲೇ ಹರಿಯಬೇಕು, ಸಂಖ್ಯೆಯ ಕ್ರಮ ತಪ್ಪಬಾರದು.

ಸಂಖ್ಯೆಗೆ ಬರೋಣ. ಒಂದು ಗುಂಪಿನಲ್ಲಿ 60%, ಇನ್ನೊಂದರಲ್ಲಿ 40% ಜನ ಸುಧಾರಿಸುತ್ತಾರೆ ಅಂತಿಟ್ಟುಕೊಳ್ಳಿ. 80% ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದು ಸಿಗುವ ಸಾಧ್ಯತೆ), 5% ಮಟ್ಟಕ್ಕೆ (ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಸಾಧ್ಯತೆ) ಸೂತ್ರದ ಸ್ಥಿರಾಂಕ 7.84; ಲೆಕ್ಕ 7.84 × (0.24 + 0.24) ÷ 0.04 = 94, ಅಂದರೆ ಗುಂಪಿಗೆ ಸುಮಾರು 95 ಜನ. 15% ಬಿಟ್ಟುಹೋದರೆ 112. ಇದೇ ವ್ಯತ್ಯಾಸವನ್ನು 30+30ರಲ್ಲಿ ಹುಡುಕಿದರೆ ಸಿಗುವ ಸಾಧ್ಯತೆ ಸುಮಾರು 35% ಅಷ್ಟೆ. ನೂರಕ್ಕೆ ನೂರೈವತ್ತು ಆಸೆ ಇಟ್ಟುಕೊಂಡು 60 ಜನರಲ್ಲಿ ಉತ್ತರ ಕೇಳಬೇಡಿ.

ಪಿಜಿ_ಸಿನಾಪ್ಸಿಸ್:
2020ರ ಚೀನಾದ ಟ್ರಯಲ್‌ನಲ್ಲಿ ಎರಡು ಗುಂಪಿನಲ್ಲಿ ಸುಧಾರಿಸಿದವರು 83% ಮತ್ತು 51.6% ಅಂತ ಬಂದಿದೆಯಲ್ಲ ಸರ್. ಆ ವ್ಯತ್ಯಾಸ ಹಾಕಿದರೆ 30ರ ಆಸುಪಾಸಿಗೆ ಬರುತ್ತದೆ.

ಲೆಕ್ಕದ_ಪುಸ್ತಕ:
ಬರುತ್ತದೆ. ಆದರೆ ಅದು 5 ಆಸ್ಪತ್ರೆಗಳಲ್ಲಿ 278 ಜನರ ಮೇಲೆ ನಡೆದದ್ದು. ಆ 83% ರೋಗಿಯೇ ಹೇಳಿದ ಒಟ್ಟಾರೆ ಸುಧಾರಣೆ. ಊಟದ ನಂತರದ ಭಾರ, ಮೇಲ್ಹೊಟ್ಟೆಯ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಈ ಮೂರೂ ಪೂರ್ತಿ ಹೋದವರು 27.8% ಮತ್ತು 17.3% ಮಾತ್ರ. ಯಾವುದನ್ನು ಮುಖ್ಯ ಫಲಿತಾಂಶ ಮಾಡುತ್ತೀರಿ ಅನ್ನುವುದರ ಮೇಲೆ ಸಂಖ್ಯೆ ನಿಂತಿದೆ. ಇನ್ನೊಂದು, ಆ 51.6% ಶಾಮ್ ಸೂಜಿ ಚುಚ್ಚಿಸಿಕೊಂಡವರದು. ನಿಮ್ಮ ಪ್ಲಾನ್‌ನಲ್ಲಿ ಶಾಮ್ ಇಲ್ಲವೇ ಇಲ್ಲ, ಆ ಅಂಕಿಯನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ.

ಸೂಜಿ_ದಾರ:
ಶಾಮ್ ವಿಷಯಕ್ಕೆ ಇದೇ ಉತ್ತರ: ಏನೂ ಚಿಕಿತ್ಸೆ ಅಲ್ಲದ ಚುಚ್ಚುವಿಕೆಯಲ್ಲೂ ಅರ್ಧಕ್ಕರ್ಧ ಜನ ಚೇತರಿಸಿಕೊಂಡರು. 2009ರಲ್ಲಿ ಕೊರಿಯಾದ 68 ಜನರ ಟ್ರಯಲ್‌ನಲ್ಲಿ ಎರಡೂ ಗುಂಪು ಸುಧಾರಿಸಿದವು, ನಡುವೆ ವ್ಯತ್ಯಾಸವೇ ಸಿಗಲಿಲ್ಲ. ಶಾಮ್ ಇಲ್ಲದಿದ್ದರೆ ನೀವು ಅಳೆಯುವುದು ಸೂಜಿ, ವಾರಕ್ಕೆ ಮೂರು ಸಲದ ಮಾತುಕತೆ, 20 ನಿಮಿಷದ ಮಲಗುವಿಕೆ ಎಲ್ಲ ಸೇರಿದ ಮೂಟೆ.

ಆಯ್ಕೆ ಎರಡು. ಮೊಂಡ ತುದಿಯ, ಹಿಡಿಯೊಳಗೆ ಸರಿಯುವ ಸ್ಟ್ರೈಟ್‌ಬರ್ಗರ್ ಸೂಜಿ. ಇದಕ್ಕೆ ಬಳೆಯಂಥ ಪಟ್ಟಿ ಅಂಟಿಸಬೇಕು, ಹೊಟ್ಟೆಯ ಮೇಲೆ ಉಸಿರಿಗೆ ಅಲುಗಾಡುತ್ತದೆ, ಬೆಲೆಯೂ ಜಾಸ್ತಿ. ಅಸಲಿ ಗುಂಪಿಗೂ ಅದೇ ಪಟ್ಟಿ ಅಂಟಿಸಬೇಕೆನ್ನುವುದನ್ನು ಮರೆಯಬೇಡಿ. ಎರಡನೆಯದು ಪಾಯಿಂಟ್ ಅಲ್ಲದ ಜಾಗದಲ್ಲಿ 2-3 ಮಿ.ಮೀ. ಮೇಲುಮೇಲೆ ಚುಚ್ಚಿ, ತಿರುಗಿಸದೆ ಬಿಡುವುದು. ಸುಲಭ, ಆದರೆ ಚರ್ಮದ ನರಗಳಿಗೆ ಅದೂ ತಾಗುತ್ತದೆ, ಹಾಗಾಗಿ ವ್ಯತ್ಯಾಸ ಕಿರಿದಾಗುತ್ತದೆ. ಮೊದಲು ಅಕ್ಯುಪಂಕ್ಚರ್ ಮಾಡಿಸಿಕೊಂಡವರನ್ನು ಸೇರಿಸಬೇಡಿ, ಜೋಮು ಹಿಡಿದಂಥ, ಭಾರವಾದ ಆ ಅನುಭವ ಅವರಿಗೆ ಗೊತ್ತಿರುತ್ತದೆ. ಚುಚ್ಚುವವರಿಗೆ ಗುಂಪು ತಿಳಿದೇ ಇರುತ್ತದೆ, ಆದ್ದರಿಂದ ಅವರು ಆಡುವ ಮಾತು ಮೊದಲೇ ಬರೆದಿಟ್ಟದ್ದಾಗಿರಲಿ, ಅಂಕ ಬರೆದುಕೊಳ್ಳುವವರು ಬೇರೆ ಇರಲಿ. ಕೊನೆಗೆ ರೋಗಿಗೆ 'ನಿಮಗೆ ಸಿಕ್ಕಿದ್ದು ಅಸಲಿಯೋ, ನಕಲಿಯೋ, ಗೊತ್ತಿಲ್ಲವೋ' ಅಂತ ಕೇಳಿ ಬರೆದಿಡಿ.

ಸೂಜಿಯ ಬಗ್ಗೆ: ಹೊಟ್ಟೆಗೆ, ಕಾಲಿಗೆ 0.25 × 40 ಮಿ.ಮೀ., ಕೈಗೆ, ಪಾದಕ್ಕೆ 25 ಮಿ.ಮೀ. ಉದ್ದದ್ದು. ಒಂದೇ ಸಲದ ಬಳಕೆಯವು. ಸಿವಿ 12 ಹೊಕ್ಕುಳಕ್ಕೂ ಎದೆಮೂಳೆಯ ಕೆಳತುದಿಗೂ ನಟ್ಟನಡುವೆ. ತೆಳ್ಳಗಿನವರಲ್ಲಿ 40 ಮಿ.ಮೀ. ಪೂರ್ತಿ ಇಳಿಸಿದರೆ ಹೊಟ್ಟೆಯ ಗೋಡೆ ದಾಟಬಹುದು, ಯಕೃತ್ತು ಊದಿದ್ದರೆ ಇನ್ನೂ ಅಪಾಯ. ಎಸ್‌ಟಿ 36 ಮಂಡಿಚಿಪ್ಪಿನ ಕೆಳಗೆ ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಮೂಳೆಯಿಂದ ಒಂದು ಬೆರಳು ಹೊರಗೆ. ಬೆರಳು ರೋಗಿಯದೇ ಆಗಬೇಕು, ನಿಮ್ಮದಲ್ಲ. ಪಿಸಿ 6ರ ಕೆಳಗೆ ಮೀಡಿಯನ್ ನರ ಇದೆ, ಬೆರಳಿಗೆ ಕರೆಂಟ್ ಹೊಡೆದಂತಾದರೆ ಹಿಂದಕ್ಕೆಳೆಯಿರಿ. ಬರಿಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತುಂಬಿದ್ದರೆ ಮಲಗಲಾಗುವುದಿಲ್ಲ. ಲಘುವಾಗಿ ತಿಂದು 2 ಗಂಟೆ ಆಗಿರಲಿ.

ಜಠರಾಗ್ನಿ:
ಸೂಜಿ_ದಾರ ಅವರೇ, ಒಂದು ಮಾತಿಗೆ ಒಪ್ಪಲಾರೆ. ಶಾಮ್ ಇಲ್ಲದ ಟ್ರಯಲ್ ನಿರರ್ಥಕವಲ್ಲ. 'ಓಪಿಡಿಯಲ್ಲಿ ಇದನ್ನು ಸೇರಿಸಿದರೆ ರೋಗಿಗೆ ಉಪಯೋಗವಿದೆಯೇ' ಅನ್ನುವುದೂ ನ್ಯಾಯವಾದ ಪ್ರಶ್ನೆ. ಶೀರ್ಷಿಕೆಯಲ್ಲೇ ಹಾಗೆ ಬರೆದು, 'ಎಸ್‌ಟಿ 36ರ ಪರಿಣಾಮ' ಅಂತ ತೀರ್ಮಾನ ಬರೆಯದಿದ್ದರೆ ಆಯಿತು.

ನನ್ನ ತಕರಾರು ಆ 'ಮಾಮೂಲಿ ಚಿಕಿತ್ಸೆ'ಯ ಮೇಲೆ. ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದವರಿಗೆ ಕಾಫಿ-ಟೀ ಬಂದ್, ಖಾರ ಬಂದ್, ರಸಾಹಾರ, ಹೊಟ್ಟೆಗೆ ಮಣ್ಣಿನ ಪಟ್ಟಿ, ಎನಿಮಾ, ಯೋಗ, ಸಂಜೆ ಏಳಕ್ಕೆ ಊಟ. ಈ ತೊಂದರೆಗೆ ಅಷ್ಟರಲ್ಲೇ ಅರ್ಧ ಗುಣ! ಎರಡೂ ಗುಂಪು ಎಷ್ಟು ಸುಧಾರಿಸುತ್ತವೆಂದರೆ ಸೂಜಿಗೆ ತೋರಿಸಲು ಜಾಗವೇ ಉಳಿಯುವುದಿಲ್ಲ. ಹೊರರೋಗಿಗಳನ್ನೇ ತೆಗೆದುಕೊಳ್ಳಿ, ಆಹಾರ ಬದಲಿಸಬೇಡಿ ಅಂತ ಹೇಳಿ. ದಿನಕ್ಕೆ ಎಷ್ಟು ಲೋಟ ಕಾಫಿ, ರಾತ್ರಿ ಊಟ ಎಷ್ಟು ಹೊತ್ತಿಗೆ, ಎಲೆಅಡಿಕೆ ಎಷ್ಟು, ಇದಕ್ಕೊಂದು ದಿನಚರಿ ಕೊಡಿ. ತಡೆಯಲಾಗದಿದ್ದರೆ ಕುಡಿಯಲು ಒಂದೇ ಬಗೆಯ ಆಂಟಾಸಿಡ್ ಬಾಟಲಿ ನೀವೇ ಕೊಟ್ಟು, ವಾರಕ್ಕೊಮ್ಮೆ ಉಳಿದದ್ದನ್ನು ಅಳೆಯಿರಿ.

ಪಿಜಿ_ಸಿನಾಪ್ಸಿಸ್:
ಗುಂಪಿಗೆ 112 ಒಂದೂವರೆ ವರ್ಷದಲ್ಲಿ ಆಗುವ ಮಾತಲ್ಲ. ಶಾಮ್ ಇಟ್ಟುಕೊಂಡು 30+30 ಮಾಡಿ 'ಪೈಲಟ್' (ದೊಡ್ಡ ಟ್ರಯಲ್‌ಗೆ ಮುಂಚಿನ ಸಣ್ಣ ಪ್ರಯೋಗ) ಅಂತ ಕರೆದರೆ?

ಲೆಕ್ಕದ_ಪುಸ್ತಕ:
ಕರೆಯಬಹುದು, ಪೈಲಟ್‌ನಂತೆ ನಡೆದುಕೊಂಡರೆ. ಆಗ ಮುಖ್ಯ ಫಲಿತಾಂಶ ಗುಣವಾದವರ ಸಂಖ್ಯೆಯಲ್ಲ. ತಿಂಗಳಿಗೆ ಎಷ್ಟು ಜನ ಸಿಕ್ಕರು, 12ರಲ್ಲಿ 10 ಸಲವಾದರೂ ಬಂದವರೆಷ್ಟು, ಶಾಮ್ ಗುರುತು ಹಿಡಿದವರೆಷ್ಟು, ದಿನಚರಿ ತುಂಬಿದವರೆಷ್ಟು ಅನ್ನುವುದು. ರೋಗಲಕ್ಷಣದ ಅಂಕವನ್ನು ಗುಂಪುಗಳ ನಡುವಿನ ವ್ಯತ್ಯಾಸ ಮತ್ತು ಅದರ 95% ವ್ಯಾಪ್ತಿಯಾಗಿ (ನಿಜ ವ್ಯತ್ಯಾಸ ಇರಬಹುದಾದ ಎಲ್ಲೆಗಳು) ಕೊಡಿ. ಥೀಸಿಸ್‌ಗಳಲ್ಲಿ ಪದೇಪದೇ ಕಾಣುವ 'ಅಕ್ಯುಪಂಕ್ಚರ್ ಗುಂಪಿನಲ್ಲಿ ಮೊದಲಿಗೂ ಆಮೇಲಿಗೂ ಪಿ 0.05ಕ್ಕಿಂತ ಕಡಿಮೆ, ಆದ್ದರಿಂದ ಪರಿಣಾಮಕಾರಿ' ಅನ್ನುವ ಸಾಲು ಬರಬಾರದು. ತೊಂದರೆ ಜೋರಾದಾಗಲೇ ಜನ ಬರುವುದು, ಏನೂ ಮಾಡದಿದ್ದರೂ ತಿಂಗಳಲ್ಲಿ ಒಂದಿಷ್ಟು ಇಳಿಯುತ್ತದೆ. ಮಧ್ಯೆ ಬಿಟ್ಟವರನ್ನೂ ಅವರವರ ಗುಂಪಿನಲ್ಲೇ ಲೆಕ್ಕಕ್ಕೆ ಹಿಡಿಯಿರಿ.

ಸೂಜಿ_ದಾರ:
ಸೇರಿಸಿ: ಎಥಿಕ್ಸ್ ಕಮಿಟಿ ಒಪ್ಪಿಗೆ ಆದ ಮೇಲೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಟ್ರಯಲ್ ಶುರುವಾದ ಮೇಲೆ ಹಾಕಿದ ಅರ್ಜಿ ತೆಗೆದುಕೊಳ್ಳುವುದಿಲ್ಲ. ಅರ್ಜಿ ಪ್ರಶ್ನೆಗಳೊಂದಿಗೆ ವಾಪಸ್ ಬರುವುದು ಮಾಮೂಲು, ಅದಕ್ಕೆ ಕೆಲವು ವಾರ ಕೈಯಲ್ಲಿಟ್ಟುಕೊಳ್ಳಿ. ಸೂಜಿಯ ವಿವರವನ್ನು ಸ್ಟ್ರಿಕ್ಟಾ (ಅಕ್ಯುಪಂಕ್ಚರ್ ಟ್ರಯಲ್ ವರದಿಯಲ್ಲಿ ಏನೇನು ಬರೆಯಬೇಕೆನ್ನುವ) ಪಟ್ಟಿಯ ಪ್ರಕಾರ ಈಗಲೇ ಬರೆದುಬಿಡಿ: ಎಷ್ಟು ಸೂಜಿ, ಎಷ್ಟು ಆಳ, ಎರಡೂ ಬದಿಯೋ ಒಂದೋ, ತಿರುಗಿಸಿದ್ದು ಎಷ್ಟು ಸಲ.