ಸಯಾಟಿಕಾ ಮೂರನೇ ಸಲ, ಕೆಲಸ ಬಿಡೋ ಹಾಗಿಲ್ಲ. ಅನುಭವ ಇದ್ದೋರು ಹೇಳಿ

ವಿಜಯನಗರ ಟು ಇ-ಸಿಟಿ
ವಯಸ್ಸು 38. ಸಯಾಟಿಕಾ, ಅಂದ್ರೆ ಸೊಂಟದ ನರ ಒತ್ತಿ ಕಾಲಿಗೆ ಇಳಿಯೋ ನೋವು, ಬಲಗಾಲಲ್ಲಿ. ಪಿರ್ರೆಯಿಂದ ಮೀನಖಂಡದ ಹಿಂದೆ ಇಳಿದು ಕಿರುಬೆರಳವರೆಗೂ ಚಳುಕು, ಪಾದದ ಹೊರ ಅಂಚು ಜೋಮು. ಎರಡು ವರ್ಷದಲ್ಲಿ ಮೂರನೇ ಸಲ, ಈ ಸಲ ಶುರುವಾಗಿ ಐದು ವಾರ. ಎಂಆರ್‌ಐನಲ್ಲಿ ಎಲ್5-ಎಸ್1 ಡಿಸ್ಕ್ (ಸೊಂಟದ ತಳದ ಮೂಳೆಗಳ ನಡುವಿನ ಮೆತ್ತೆ) ಬಲಕ್ಕೆ ಉಬ್ಬಿ ಎಸ್1 ನರದ ಬೇರಿಗೆ ತಾಗಿದೆ. ಒಬ್ಬ ಡಾಕ್ಟರು ಆಪರೇಷನ್ ಅಂದ್ರು, ಇನ್ನೊಬ್ಬರು ಕಾಯೋಣ ಅಂದ್ರು. ಆರು ವಾರದಲ್ಲಿ ಸಾಫ್ಟ್‌ವೇರ್ ರಿಲೀಸ್, ವಾರಕ್ಕೆ ಮೂರು ದಿನ ಆಫೀಸ್ ಕಡ್ಡಾಯ, ರಾತ್ರಿ ಅಮೆರಿಕದ ಕಾಲ್. ಓಡಾಟ ಬೆಂಗಳೂರಿನ ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ, ಸ್ಕೂಟರಲ್ಲಿ. ಕೆಲಸ ಬಿಡದೆ ಸಂಭಾಳಿಸಿದವರು ಏನು ಮಾಡಿದ್ರಿ, ಎಷ್ಟು ಖರ್ಚಾಯ್ತು?

ರಾಗಿಮುದ್ದೆ
ಕತ್ತರಿ ಬೇಡ. ನೆಲದ ಮೇಲೆ ಚಾಪೆ ಹಾಸಿ ಬೋರಲು ಮಲಗಿ, ಎರಡು ನಿಮಿಷ ಸುಮ್ಮನೆ. ಆಮೇಲೆ ಮೊಣಕೈ ಊರಿ ಎರಡು ನಿಮಿಷ. ಆಮೇಲೆ ಅಂಗೈ ಊರಿ ಎದೆ ಎತ್ತೋದು, ಸೊಂಟ ಮಾತ್ರ ಚಾಪೆ ಬಿಟ್ಟು ಏಳಬಾರದು, ಪಿರ್ರೆ ಬಿಗಿ ಹಿಡಿಯಬಾರದು, ಮೇಲೆ ಹೋದಾಗ ಉಸಿರು ಬಿಡಬೇಕು. ಹತ್ತು ಸಲ, ಎರಡೆರಡು ಗಂಟೆಗೊಮ್ಮೆ, ದಿನಕ್ಕೆ ಆರೇಳು ಸರ್ತಿ. ಬೆಳಿಗ್ಗೆ ಒಂದು ಸಂಜೆ ಒಂದು ಮಾಡಿ "ಏನೂ ಆಗಲಿಲ್ಲ" ಅನ್ನೋರೇ ಜಾಸ್ತಿ. ಇದು ಮಾತ್ರೆ ಇದ್ದ ಹಾಗೆ, ಡೋಸ್ ತಪ್ಪಿದ್ರೆ ಕೆಲಸ ಮಾಡಲ್ಲ. ಆಫೀಸಲ್ಲಿ ಮಲಗೋಕೆ ಜಾಗ ಇಲ್ಲ ಅಂದ್ರೆ ಗೋಡೆ ಕಡೆ ಮುಖ ಮಾಡಿ ನಿಂತು, ಸೊಂಟದ ಮೇಲೆ ಎರಡೂ ಕೈ ಇಟ್ಟು ಹಿಂದಕ್ಕೆ ಬಾಗಿ. ಅಷ್ಟು ಲಾಭ ಇಲ್ಲ, ಆದ್ರೆ ಕೂತಿದ್ದಕ್ಕಿಂತ ವಾಸಿ.

ನೋವು ಕಾಲಿಂದ ಮೇಲೆ ಹತ್ತಿ ಸೊಂಟದಲ್ಲಿ ನಿಂತ್ರೆ ಒಳ್ಳೇದು, ಸೊಂಟ ಜಾಸ್ತಿ ನೋಯ್ತಿದ್ರೂ ಸರಿ. ಕೆಳಗಿಳಿದು ಪಾದಕ್ಕೆ ಹೋದ್ರೆ ತಕ್ಷಣ ನಿಲ್ಲಿಸಿ. ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಬಗ್ಗಬೇಡಿ. ರಾತ್ರಿಯೆಲ್ಲಾ ಡಿಸ್ಕ್ ನೀರು ಕುಡಿದು ಊದಿರುತ್ತೆ, ಶೂ ಲೇಸ್ ಕಟ್ಟೋಕೆ ಹೋಗಿ ಹಿಡ್ಕೊಳ್ಳೋದು ಆಗಲೇ. ಖರ್ಚು: ಫಿಸಿಯೊ ಹತ್ರ ನಾಲ್ಕು ಸಲ ಹೋಗಿ ಕಲಿಯೋಕೆ ಮೂರು ಸಾವಿರದ ಒಳಗೆ. ಬಾಕಿ ಚಾಪೆ.

ಕತ್ತರಿ ಪಾರ್ಟಿ
ಚಾಪೆ ಮೇಲೆ ಎಷ್ಟು ತಿಂಗಳು ಸ್ವಾಮಿ? 2007ರಲ್ಲಿ ನೆದರ್ಲೆಂಡ್ಸ್‌ನಲ್ಲಿ 283 ಜನರ ಮೇಲೆ ಅಧ್ಯಯನ ಆಯ್ತು, ಅರ್ಧ ಜನಕ್ಕೆ ಬೇಗ ಆಪರೇಷನ್, ಅರ್ಧ ಜನಕ್ಕೆ "ಕಾಯಿರಿ". ಕಾದವರಲ್ಲಿ ಶೇಕಡಾ 39 ಜನ ಕೊನೆಗೆ ಟೇಬಲ್ ಹತ್ತಿದ್ರು. ಕಾಲುನೋವು ಬೇಗ ಹೋಗಿದ್ದು ಆಪರೇಷನ್ ಆದವರದ್ದೇ. ರಿಲೀಸ್ ತಲೆ ಮೇಲಿರೋರಿಗೆ "ಬೇಗ" ಅನ್ನೋ ಪದಕ್ಕೆ ಬೆಲೆ ಇದೆ.

ಲೆಕ್ಕ ತಗೊಳ್ಳಿ. ಮೈಕ್ರೊಡಿಸ್ಕೆಕ್ಟಮಿ ಅಂದ್ರೆ ಬೆನ್ನಲ್ಲಿ ಒಂದೂವರೆ ಇಂಚಿನೊಳಗೆ ಗಾಯ, ಡಿಸ್ಕ್ ಪೂರ್ತಿ ತೆಗೆಯಲ್ಲ, ನರಕ್ಕೆ ಒತ್ತಿರೋ ತುಂಡು ಮಾತ್ರ. ಒಂದೆರಡು ದಿನ ಆಸ್ಪತ್ರೆ. ಕೂತು ಮಾಡೋ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ವಾಪಸ್, ಮೊದಮೊದಲು 20–30 ನಿಮಿಷಕ್ಕಿಂತ ಜಾಸ್ತಿ ಕೂರೋ ಹಾಗಿಲ್ಲ. ಆರು ವಾರ ಬಗ್ಗೋದು, ತಿರುಚೋದು, ಭಾರ ಎತ್ತೋದು ಮೂರೂ ಬಂದ್. ಕೆಡೋದೂ ಆಗಲೇ: ನೋವು ಪಟ್ ಅಂತ ಹೋಗಿರುತ್ತೆ, ಧೈರ್ಯ ಬಂದು ಬಕೆಟ್ ಎತ್ತಿದ್ರೆ ಅದೇ ತೂತಲ್ಲಿ ಮತ್ತೆ ಡಿಸ್ಕ್ ಹೊರಗೆ. ಇನ್ನೊಂದು, ಕಾಲುನೋವಿಗೆ ಆಪರೇಷನ್ ಕೆಲಸ ಮಾಡುತ್ತೆ, ಬರೀ ಸೊಂಟನೋವಿಗೆ ಮಾಡಲ್ಲ. ಜೋಮು ಹೋಗೋಕೆ ತಿಂಗಳುಗಟ್ಟಲೆ ಬೇಕು, ಸ್ವಲ್ಪ ಉಳಿದ್ರೂ ಉಳೀಬಹುದು. ಇದನ್ನ ಮೊದಲೇ ಯಾರೂ ಹೇಳಲ್ಲ, ಆಮೇಲೆ ಸರ್ಜನ್‌ನ ಬೈಯ್ಕೊಂಡು ಓಡಾಡ್ತಾರೆ.

ರಾಗಿಮುದ್ದೆ
@ಕತ್ತರಿ ಪಾರ್ಟಿ, ಅದೇ ಅಧ್ಯಯನದ ಇನ್ನರ್ಧ ನುಂಗಿದ್ರಲ್ಲ? ಒಂದು ವರ್ಷಕ್ಕೆ ಎರಡೂ ಗುಂಪಲ್ಲಿ ಶೇಕಡಾ 95 ಜನ ಸುಧಾರಿಸಿದ್ರು. ಕಾದವರಲ್ಲಿ ನೂರಕ್ಕೆ 61 ಜನಕ್ಕೆ ಕತ್ತರಿಯೇ ಬೇಕಾಗಲಿಲ್ಲ.

ಕತ್ತರಿ ಪಾರ್ಟಿ
ಒಂದು ವರ್ಷ ಯಾವ ಮ್ಯಾನೇಜರ್ ಕೊಡ್ತಾನೆ? ನಿಮ್ಮವನಿದ್ರೆ ನಂಬರ್ ಕಳಿಸಿ.

ಜಯನಗರ ಫಿಸಿಯೊ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಅಧ್ಯಯನಕ್ಕೆ ಕಾಲಿನ ಶಕ್ತಿ ತೀರಾ ಹೋದವರನ್ನ ಸೇರಿಸಿಕೊಂಡೇ ಇರಲಿಲ್ಲ. ಕೇಳಿದವರು ನೋವು, ಜೋಮು ಬರೆದಿದ್ದಾರೆ, ಶಕ್ತಿ ಬಗ್ಗೆ ಒಂದಕ್ಷರ ಇಲ್ಲ. ನೀವೂ ಕೇಳಿಲ್ಲ. ನೋವಿನ ಮೇಲೆ ನಿರ್ಧಾರ ಮಾಡೋಕೆ ಸಮಯ ಇರುತ್ತೆ, ಶಕ್ತಿ ಹೋಗ್ತಿದ್ರೆ ಇರಲ್ಲ.

ಎಸ್1 ಬೇರಿಗೆ ಮನೆ ಪರೀಕ್ಷೆ: ಗೋಡೆಗೆ ಎರಡು ಬೆರಳು ತಾಗಿಸಿ, ಒಂಟಿ ಕಾಲಲ್ಲಿ ನಿಂತು, ಮಂಡಿ ನೇರ ಇಟ್ಟು ಹಿಮ್ಮಡಿ ಪೂರ್ತಿ ಎತ್ತಿ ಇಳಿಸಿ. ಒಳ್ಳೆ ಕಾಲಲ್ಲಿ ಮೊದಲು, ಆಮೇಲೆ ನೋವಿನ ಕಾಲಲ್ಲಿ. 20 ಸಲ ಆಗಬೇಕು. ಗೋಡೆ ಮೇಲೆ ಭಾರ ಹಾಕಿದ್ರೆ ಲೆಕ್ಕಕ್ಕಿಲ್ಲ. ಒತ್ತಿರೋದು ಎಲ್5 ನರ ಆದ್ರೆ ಬೇರೆ, ಹಿಮ್ಮಡಿ ಮೇಲೆ ನಡೆದಾಗ ಹೆಬ್ಬೆರಳು ಎತ್ತೋಕಾಗಲ್ಲ, ಚಪ್ಪಲಿ ಜಾರುತ್ತೆ.

ಮೂತ್ರ ಬರ್ತಿಲ್ಲ ಅಥವಾ ಬಂದಿದ್ದು ಗೊತ್ತಾಗ್ತಿಲ್ಲ, ಮಲದ ಹಿಡಿತ ತಪ್ಪಿದೆ, ಸೈಕಲ್ ಸೀಟು ತಾಗೋ ಜಾಗ ಮರಗಟ್ಟಿದೆ: ಇದರಲ್ಲಿ ಒಂದಿದ್ರೂ ಅಪಾಯಿಂಟ್‌ಮೆಂಟ್ ಕಾಯೋದಲ್ಲ, ಅದೇ ರಾತ್ರಿ ಎಮರ್ಜೆನ್ಸಿಗೆ. ನ್ಯೂರೊಸರ್ಜರಿ, ಎಂಆರ್‌ಐ ಎರಡೂ ಇರೋ ಕಡೆಗೇ ಹೋಗಿ.

ರಾಗಿಮುದ್ದೆಯವರ ವ್ಯಾಯಾಮ ಡಿಸ್ಕ್ ನೋವಿಗೆ ಸರಿ. ಅರವತ್ತು ದಾಟಿ, ನಿಂತ್ರೆ ನಡೆದ್ರೆ ಕಾಲು ನೋಯ್ತು, ಕೂತ್ರೆ ಬಗ್ಗಿದ್ರೆ ಆರಾಮ ಅನ್ನೋರಿಗೆ ಉಲ್ಟಾ ಹೊಡೆಯುತ್ತೆ. ಅಪ್ಪ ಅಮ್ಮನಿಗೆ ಫಾರ್ವರ್ಡ್ ಮಾಡಬೇಡಿ. ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದೆ ಅಂತ ಟವಲ್ ಹಾಕಿ ಕಾಲು ಎಳೆಯೋದೂ ಬೇಡ. ಈಗ ಬಿಗಿದಿರೋದು ಸ್ನಾಯು ಅಲ್ಲ, ಕೆರಳಿದ ನರ. ಎಳೆದಷ್ಟೂ ಎರಡು ದಿನ ಹಿಂದಕ್ಕೆ ಹೋಗ್ತೀರಿ.

ತೈಲಧಾರೆ
ಆಯುರ್ವೇದದಲ್ಲಿ ಸಯಾಟಿಕಾಕ್ಕೆ ಗೃಧ್ರಸಿ ಅಂತಾರೆ, ಯಾರೂ ಆ ಹೆಸರೇ ಎತ್ತಲಿಲ್ಲ. ಕಟಿಬಸ್ತಿ ಮಾಡಿಸಿ. ಉದ್ದಿನ ಹಿಟ್ಟು ಗಟ್ಟಿಯಾಗಿ ಕಲಸಿ ಸೊಂಟದ ಮೇಲೆ ಕಟ್ಟೆ ಕಟ್ಟಿ, ಬೆಚ್ಚಗಿನ ಸಹಚರಾದಿ ಅಥವಾ ಮಹಾನಾರಾಯಣ ತೈಲ ತುಂಬಿಸಿ 30–40 ನಿಮಿಷ. ಆರಿದ್ದನ್ನ ಹತ್ತಿಯಲ್ಲಿ ಹೀರಿ ತೆಗೆದು ಮತ್ತೆ ಬೆಚ್ಚಗಿನದು ಹಾಕ್ತಾ ಇರಬೇಕು. ಬಹಳ ಕಡೆ ಒಂದೇ ಸಲ ಸುರಿದು ಫೋನ್ ನೋಡ್ಕೊಂಡು ಕೂತಿರ್ತಾರೆ, ಅದು ಕಟಿಬಸ್ತಿ ಅಲ್ಲ. ಏಳು ದಿನಕ್ಕೆ ಕಮ್ಮಿ ಬೇಡ. ಒಂದು ಸಲಕ್ಕೆ ಸಾವಿರ ಅಂದ್ರೆ ಏಳಕ್ಕೆ ಏಳು ಸಾವಿರ, ಎಣ್ಣೆ ಬೇರೆ ಬಿಲ್ ಮಾಡ್ತಾರಾ ಅಂತ ಮೊದಲೇ ಕೇಳಿ. ಮುಗಿಸಿ ಅದೇ ಸ್ಕೂಟರ್ ಹತ್ತಿ ಸಿಲ್ಕ್ ಬೋರ್ಡ್ ಮೇಲೆ ಹೋದ್ರೆ ಏಳು ಸಾವಿರವೂ ಹೊಗೆ.

ಕತ್ತರಿ ಪಾರ್ಟಿ
ಚರ್ಮದ ಮೇಲಿನ ಎಣ್ಣೆ ಮೂರು ಪದರ ಸ್ನಾಯು, ಮೂಳೆ ದಾಟಿ ಡಿಸ್ಕ್ ಹತ್ರ ಹೇಗೆ ಹೋಗುತ್ತೆ? ಬಿಸಿನೀರಿನ ಬ್ಯಾಗ್ 300 ರೂಪಾಯಿ.

ತೈಲಧಾರೆ
ಡಿಸ್ಕ್ ಒಳಗೆ ಹೋಗುತ್ತೆ ಅಂತ ಹೇಳಿದ್ದು ಯಾರು? ಬಿಗಿದಿರೋ ಸೊಂಟ ಸಡಿಲ ಆದ್ರೆ ಮನುಷ್ಯ ನಡೀತಾನೆ, ನಡೆದ್ರೆ ವಾಸಿ ಆಗುತ್ತೆ. ನಿಮ್ಮ ಇಂಗ್ಲಿಷ್ ಔಷಧಿ ಏನು ಕಡಿದು ಕಟ್ಟೆ ಹಾಕಿದೆ? ಈ ನೋವಿಗೆ ಎಲ್ಲರಿಗೂ ಬರೆದುಕೊಡೋ ಪ್ರಿಗ್ಯಾಬಲಿನ್, 2017ರಲ್ಲಿ ಆಸ್ಟ್ರೇಲಿಯಾದವರು ಸಯಾಟಿಕಾಕ್ಕೆ ಕೊಟ್ಟು ನೋಡಿದ್ರೆ ಸುಳ್ಳು ಮಾತ್ರೆಗಿಂತ (ಔಷಧ ಇಲ್ಲದ್ದು) ಒಂದು ಗುಂಜಿಯೂ ಮೇಲಿರಲಿಲ್ಲ. ತಲೆಸುತ್ತು ಮಾತ್ರ ಜಾಸ್ತಿ.

ಜಯನಗರ ಫಿಸಿಯೊ
ಅದು ನಿಜ. ಆದ್ರೆ ಈಗಾಗಲೇ ತಗೊಳ್ತಿರೋರು ಇದನ್ನ ಓದಿ ಇವತ್ತೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ ಹಂತಹಂತವಾಗಿ ಇಳಿಸಬೇಕು. ಅದನ್ನ ತಗೊಂಡು ಬೆಳಿಗ್ಗೆ ಗಾಡಿ ಓಡಿಸೋದೂ ತಪ್ಪು. ಎಟೊರಿಕಾಕ್ಸಿಬ್ ಅನ್ನೋ ನೋವಿನ ಮಾತ್ರೆ ತಗೊಳ್ಳೋರು ಬಿಪಿ ನೋಡ್ಕೊಳ್ಳಿ. ಸಕ್ಕರೆ ಕಾಯಿಲೆ ಇದ್ದು ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡ್ರೆ ಶುಗರ್ ಕೆಲವು ದಿನ ಏರುತ್ತೆ.

ಕ್ಲೈಮ್ ರಿಜೆಕ್ಟ್
ಎಲ್ಲರೂ ವೈದ್ಯ ಹೇಳಿದ್ರಿ, ಬಿಲ್ ಯಾರಪ್ಪ ಕೊಡ್ತಾನೆ? ಸ್ವಂತ ಆರೋಗ್ಯ ವಿಮೆ ಪಾಲಿಸಿ ಆದ್ರೆ "ಡಿಸ್ಕ್ ಪ್ರೊಲ್ಯಾಪ್ಸ್" ಸಾಮಾನ್ಯವಾಗಿ 24 ತಿಂಗಳು ಕಾಯೋ ಪಟ್ಟಿಯಲ್ಲಿರುತ್ತೆ, ಅಲ್ಲಿವರೆಗೂ ಕ್ಲೈಮ್ ಸಿಗಲ್ಲ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಬಹುತೇಕ ಆ ಕಾಯೋದು ಇರಲ್ಲ. ಅಂದ್ರೆ ಆಪರೇಷನ್ ಮಾಡಿಸೋದಿದ್ರೆ ಕೆಲಸ ಬಿಡೋ ಮೊದಲು, ಬಿಟ್ಟ ಮೇಲಲ್ಲ.

ರೂಮ್ ಬಾಡಿಗೆ ಮಿತಿ ಅನ್ನೋದು ಎಲ್ಲಕ್ಕಿಂತ ದೊಡ್ಡ ಗುಂಡಿ. ಮಿತಿ ದಿನಕ್ಕೆ 5,000 ಇದ್ದು ನೀವು 8,000ದ ರೂಮ್ ತಗೊಂಡ್ರೆ ಕಳೆಯೋದು ಬರೀ ಮೂರು ಸಾವಿರ ಅಲ್ಲ. ಸರ್ಜನ್ ಫೀಸು, ಅರಿವಳಿಕೆ, ಓಟಿ ಎಲ್ಲಕ್ಕೂ ಎಂಟರಲ್ಲಿ ಐದು ಭಾಗ ಮಾತ್ರ ಕೊಡ್ತಾರೆ. ಆ ಬಾಬ್ತು 1,60,000 ಆಗಿದ್ರೆ ನಿಮ್ಮ ಜೇಬಿಂದ 60,000. ಔಷಧ, ಇಂಪ್ಲಾಂಟ್‌ಗೆ ಈ ಕಡಿತ ಇಲ್ಲ. ಎಂಆರ್‌ಐ ಬಿಲ್ ಎಸೀಬೇಡಿ, ಅಡ್ಮಿಟ್ ಆಗೋ 30 ದಿನ ಮುಂಚಿನದಾದ್ರೆ ಸಾಮಾನ್ಯವಾಗಿ ಸೇರಿಸಬಹುದು, 31ನೇ ದಿನದ್ದಾದ್ರೆ ಕೈ ಬಿಟ್ಟ ಹಾಗೆ. ನಿಮಗೆ ಈಗಲೇ ಐದು ವಾರ ಆಗಿದೆ, ಎಂಆರ್‌ಐ ತಾರೀಕು ನೋಡ್ಕೊಳ್ಳಿ. ಕೇಸ್ ಶೀಟಲ್ಲಿ ಜೂನಿಯರ್ ಡಾಕ್ಟರು "ಹಲವು ವರ್ಷಗಳಿಂದ" ಅಂತ ಗೀಚಿದ್ದು ತಪ್ಪಾಗಿದ್ರೆ ಡಿಸ್ಚಾರ್ಜ್‌ಗೆ ಮೊದಲೇ ತಿದ್ದಿಸಿ. ಆಮೇಲೆ ಪತ್ರ ಬರೆದು ಬರೆದು ಕೈ ನೋವೂ ಶುರುವಾಗುತ್ತೆ.

ನಾಗರಭಾವಿ ಗೃಹಿಣಿ
ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ ಕೆಲಸವಾ? 20 ಲೀಟರ್ ನೀರಿನ ಕ್ಯಾನ್ 20 ಕೆಜಿ ಮೇಲೆ, ಅದನ್ನ ಮುಂದಕ್ಕೆ ಬಾಗಿ ಡಿಸ್ಪೆನ್ಸರ್ ಮೇಲೆ ಮಗುಚೋದೇ ಈ ಊರಿನ ಸೊಂಟಕ್ಕೆ ಶತ್ರು. ಚಾರ್ಜ್ ಆಗೋ ಪಂಪ್ ಐನೂರರ ಒಳಗೆ ಸಿಗುತ್ತೆ. ಕ್ಯಾನ್ ತರೋ ಹುಡುಗನ ಕೈಲೇ ಸ್ಟೂಲ್ ಮೇಲೆ ಇಡಿಸಿ. ತುಂಬಿದ ಸಿಲಿಂಡರ್ 30 ಕೆಜಿ, ಎತ್ತಬೇಡಿ, ಚಕ್ರದ ಸ್ಟ್ಯಾಂಡ್. ಭಾರತೀಯ ಶೈಲಿ ಶೌಚಾಲಯ ಇರೋ ಬಾಡಿಗೆ ಮನೆಯಾದ್ರೆ ಮೇಲಿಡೋ ಕಮೋಡ್ ಸ್ಟೂಲ್ ತನ್ನಿ. ಮಲಬದ್ಧತೆ ಬರದ ಹಾಗೆ ನೋಡ್ಕೊಳ್ಳಿ, ನೋವಿನ ಮಾತ್ರೆ ಕೆಲವಕ್ಕೆ ಹೊಟ್ಟೆ ಕಟ್ಟುತ್ತೆ, ತಿಣುಕಿದ್ರೆ ಕಾಲಿಗೆ ಮಿಂಚು ಹೊಡೆದ ಹಾಗಾಗುತ್ತೆ. ಸೀನು ಬಂದ್ರೆ ಕೂತಲ್ಲೇ ಮುಂದಕ್ಕೆ ಮಡಚಿಕೊಳ್ಳಬೇಡಿ, ಎದ್ದು ಗೋಡೆ ಹಿಡಿದು ಬೆನ್ನು ನೇರ ಇಟ್ಟು ಸೀನಿ.

ಗ್ಯಾರೇಜ್ ಮಂಜ
ಸ್ಕೂಟರ್ ವಿಷಯ ಯಾರೂ ಹೇಳಲಿಲ್ಲ. ಬಂಕಲ್ಲಿ ಹಿಂದಿನ ಚಕ್ರಕ್ಕೆ 40 ಪಿಎಸ್‌ಐ ಗಾಳಿ ತುಂಬಿಸಿಬಿಡ್ತಾರೆ, ಟೈರು ಕಲ್ಲಾಗುತ್ತೆ, ಹಂಪ್ ನೇರ ಬೆನ್ನಿಗೆ. ಆಕ್ಟಿವಾ ತರದ 110 ಸಿಸಿ ಸ್ಕೂಟರ್‌ಗೆ ಒಬ್ಬರಿದ್ರೆ ಹಿಂದೆ 29, ಇಬ್ಬರಿದ್ರೆ 36, ಮುಂದೆ 22. ಹಿಂದಿನ ಶಾಕ್‌ನಿಂದ ಎಣ್ಣೆ ಒಸರ್ತಿದ್ರೆ ಬದಲಾಯಿಸಿ. ಬ್ಯಾಗ್ ಬೆನ್ನಿಗಲ್ಲ, ಕಾಲ ಹತ್ರ. ಪರ್ಸು ಹಿಂದಿನ ಜೇಬಲ್ಲಿ ಇಡಬೇಡಿ.

ಹಳದಿ ಲೈನ್
ಸ್ಕೂಟರ್ ಯಾಕ್ರೀ ಬೇಕು? 2025ರ ಆಗಸ್ಟಿಂದ ಮೆಟ್ರೊ ಇ-ಸಿಟಿಗೆ ಇದೆ. ವಿಜಯನಗರದಿಂದ ನೇರಳೆ, ಮೆಜೆಸ್ಟಿಕ್‌ನಲ್ಲಿ ಹಸಿರು, ಆರ್.ವಿ. ರಸ್ತೆಯಲ್ಲಿ ಹಳದಿ. ಸಯಾಟಿಕಾಕ್ಕೆ ನಿಂತು ಹೋಗೋದು ಕೂತು ಹೋಗೋದಕ್ಕಿಂತ ಮೇಲು. ಮ್ಯಾನೇಜರ್‌ಗೆ ಕೊಡೋ ಚೀಟಿಯಲ್ಲಿ "ವಿಶ್ರಾಂತಿ" ಅಂತ ಬರೆಸಬೇಡಿ, ಅದು ರಜೆ ಖಾತೆಗೆ ಹೋಗುತ್ತೆ. "ಆರು ವಾರ ದ್ವಿಚಕ್ರ ವಾಹನ ಬೇಡ, ಸತತ 30 ನಿಮಿಷಕ್ಕಿಂತ ಹೆಚ್ಚು ಕೂರಬಾರದು" ಅಂತ ಬರೆಸಿ. ಆಗ ಮನೆಯಿಂದ ಕೆಲಸ ಕೇಳೋಕೆ ಕಾಗದ ಇರುತ್ತೆ, ಕಾಲ್‌ಗಳನ್ನ ನಿಂತೇ ಮುಗಿಸಬಹುದು.

ಗ್ಯಾರೇಜ್ ಮಂಜ
ಮೆಜೆಸ್ಟಿಕ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಲೈನ್ ಬದಲಾಯಿಸಿ ನೋಡಿದ್ದೀರಾ? ಹಿಂದಿನಿಂದ ಒಂದು ತಳ್ಳು ಸಾಕು, ಡಿಸ್ಕ್ ಮುಂದಿನ ಸ್ಟೇಷನ್‌ನಲ್ಲಿ ಇಳಿಯುತ್ತೆ.

ಹಳದಿ ಲೈನ್
ಎಂಟಕ್ಕೆ ಮೊದಲು ಹೊರಡಿ. ಮತ್ತೆ 29 ಕಮ್ಮಿ ಆಯ್ತು, ಗುಂಡಿಗೆ ಬಿದ್ರೆ ರಿಮ್ ಸೊಟ್ಟ ಆಗುತ್ತೆ.

ವಿಜಯನಗರ ಟು ಇ-ಸಿಟಿ
ಎಲ್ಲರಿಗೂ ಥ್ಯಾಂಕ್ಸ್. ಹಿಮ್ಮಡಿ ಪರೀಕ್ಷೆ ಈಗ ಮಾಡಿದೆ. ಎಡಗಾಲು 20. ಬಲಗಾಲು 6, ಆರನೆಯದು ಅರ್ಧಕ್ಕೇ ಇಳೀತು. ನೋವೇನೂ ಜಾಸ್ತಿ ಇರಲಿಲ್ಲ, ಸುಮ್ಮನೆ ಏಳಲಿಲ್ಲ. ಹೋದ ವಾರಕ್ಕಿಂತ ನೋವು ಕಮ್ಮಿ ಇದೆ, ವಾಸಿ ಆಗ್ತಿದೆ ಅಂದ್ಕೊಂಡಿದ್ದೆ.

ಜಯನಗರ ಫಿಸಿಯೊ
ನೋವು ಕಮ್ಮಿಯಾಗಿ ಶಕ್ತಿಯೂ ಕಮ್ಮಿಯಾಗಿದ್ರೆ ಅದನ್ನ ವಾಸಿ ಅಂತ ಓದಬೇಡಿ. ರಿಲೀಸ್ ಆಮೇಲೆ ಅಲ್ಲ, ನಾಳೆಯೇ ಸ್ಪೈನ್ ಸರ್ಜನ್‌ಗೆ ತೋರಿಸಿ. "20ಕ್ಕೆ 6" ಅಂತ ಇದೇ ಮಾತಲ್ಲಿ ಹೇಳಿ, ಹಿಮ್ಮಡಿಯ ರಿಫ್ಲೆಕ್ಸ್ ನೋಡಿಸಿ, ಶಕ್ತಿ ಐದಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆಸಿ. ಹಿಂದಿನ ಇಬ್ಬರು ಡಾಕ್ಟರ ಚೀಟಿಯಲ್ಲಿ ಆ ಅಂಕಿ ಇದೆಯಾ ಹುಡುಕಿ. ಆಗ ಸರಿಯಿದ್ದು ಈಗ ಇಳಿದಿದ್ರೆ ಅದು ಬೇರೆ ಕಥೆ. ಮೂತ್ರದ ವಿಷಯ ಮೇಲೆ ಬರೆದಿದ್ದೀನಿ, ಇವತ್ತು ರಾತ್ರಿ ಗಮನ ಇರಲಿ.

ಕತ್ತರಿ ಪಾರ್ಟಿ
ಎಂಆರ್‌ಐ ಸಿಡಿ ತಗೊಂಡು ಹೋಗಿ, ರಿಪೋರ್ಟ್ ಹಾಳೆ ಮಾತ್ರ ಅಲ್ಲ.

ರಾಗಿಮುದ್ದೆ
ಹೌದು, ಹೋಗಿ. ಚಾಪೆ ಎಲ್ಲೂ ಹೋಗಲ್ಲ.

ಕ್ಲೈಮ್ ರಿಜೆಕ್ಟ್
ಹೋಗೋ ಮೊದಲು ಎಚ್‌ಆರ್‌ಗೆ ಒಂದು ಮೇಲ್, ರೂಮ್ ಮಿತಿ ಎಷ್ಟು ಅಂತ.

ಗ್ಯಾರೇಜ್ ಮಂಜ
ಆಟೊದಲ್ಲಿ ಹೋಗಿ ಸರ್. @ಹಳದಿ ಲೈನ್, ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ, 29 ಅಂತಾನೇ ಇರುತ್ತೆ.