ಎಸ್‌ಎಸ್‌ಎಚ್: ಗ್ರೂಪಿಗೆ ಸೇರಿಸಿದ್ರೂ ಒಬ್ರಿಗೆ ಲಾಗಿನ್ ಆಗ್ತಿಲ್ಲ

ತಿಪಟೂರು_ಮಂಡಿ:
ನಮಸ್ಕಾರ, ಇಲ್ಲಿ ಕೊಬ್ಬರಿ ಮಂಡಿ ಲೆಕ್ಕದ ಸರ್ವರ್ ನೋಡ್ಕೊಳ್ತೀನಿ, ಉಬುಂಟು 22.04. ಎಲ್ಲಾರ್ಗೂ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ದಾರಿ) ಬಿಡೋದು ಬೇಡ ಅಂತ ಒಂದು ಗ್ರೂಪ್ ಮಾಡಿ ಅದರ ಸೆಟ್ಟಿಂಗ್ ಫೈಲ್ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಅಲೋಗ್ರೂಪ್ಸ್ ಸಾಲು (ಈ ಗ್ರೂಪಿನೋರಿಗೆ ಮಾತ್ರ ಬಿಡು ಅಂತ) ಹಾಕಿದೀನಿ. ನನಗೆ ಲಾಗಿನ್ ಆಗುತ್ತೆ, ಹೊಸ ಗುಮಾಸ್ತರನ್ನೂ ಅದೇ ಗ್ರೂಪಿಗೆ ಸೇರಿಸಿದೀನಿ, ಆದ್ರೂ ಅವರಿಗೆ ಪರ್ಮಿಷನ್ ಡಿನೈಡ್ ಅಂತಾನೇ ಬರ್ತಿದೆ, ಸರ್ವರ್ ಮುಂದೇನೇ ಕೂತು ಹಾಕಿದ್ರೆ ಅದೇ ಪಾಸ್‌ವರ್ಡ್ ತಗೊಳುತ್ತೆ. ಹರಾಜಿನ ದಿನ ಅವರು ಹೊರಗಿಂದ ರೇಟ್ ಪಟ್ಟಿ ಏರಿಸ್ಬೇಕು, ದಯವಿಟ್ಟು ಹೇಳಿ.

ಕೋಲಾರ_ಲಿನಕ್ಸ್:
ಸಾರ್ ಪಾಸ್‌ವರ್ಡ್ ತಂಟೆಗೆ ಹೋಗ್ಬೇಡಿ, ಆಥ್ ಲಾಗ್ (ಲಾಗಿನ್ ದಾಖಲೆ ಫೈಲ್) ನೋಡಿ. ಲಾಗಿನ್ ಮಾಡೋರಿಗೆ ಕಾರಣ ಹೇಳಲ್ಲ ಸರ್ವರ್, ಲಾಗಲ್ಲಿ ಮಾತ್ರ ಬರೆದಿರುತ್ತೆ.

ತಿಪಟೂರು_ಮಂಡಿ:
"ನಾಟ್ ಲಿಸ್ಟೆಡ್ ಇನ್ ಅಲೋಯೂಸರ್ಸ್" ಅಂತಿದೆ. ಅಲೋಯೂಸರ್ಸ್ ನಾನು ಹಾಕೇ ಇಲ್ವಲ್ಲ!

ಕೋಲಾರ_ಲಿನಕ್ಸ್:
ಅಲೋಯೂಸರ್ಸ್ ಅಂದ್ರೆ ಈ ಹೆಸರಿನೋರಿಗೆ ಮಾತ್ರ ಬಿಡು ಅನ್ನೋ ಸಾಲು, ಮುಂಚೆ ಸೆಟಪ್ ಮಾಡಿದೋರು ಹಾಕಿರ್ತಾರೆ. ಮೇನ್ ಫೈಲ್ ಒಂದೇ ನೋಡಿದ್ರೆ ಸಾಲದು, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ ಫೋಲ್ಡರಲ್ಲಿರೋ ಫೈಲ್‌ಗಳೂ ಲೆಕ್ಕಕ್ಕೆ ಬರುತ್ತೆ. ಸುಡೋ ಹಾಕಿ ಎಸ್‌ಎಸ್‌ಎಚ್‌ಡಿ ಹೈಫನ್ ದೊಡ್ಡ ಟಿ ಹೊಡೀರಿ, ಎಲ್ಲಾ ಸೇರಿ ಯಾವ ಸೆಟ್ಟಿಂಗ್ ನಡೀತಿದೆ ಅಂತ ತೋರಿಸುತ್ತೆ. ತುಂಬಾ ಜನ ಎಡವೋದು ಇಲ್ಲೇ, ಅಲೋಯೂಸರ್ಸ್ ಅಲೋಗ್ರೂಪ್ಸ್ ಎರಡೂ ಇದ್ರೆ ಒಂದ್ರಲ್ಲಿ ಪಾಸಾದ್ರೆ ಸಾಲದು, ಎರಡನ್ನೂ ದಾಟ್ಬೇಕು. ಡಿನೈ ಅಂತಿರೋವು ಬಿಡಬೇಡ ಅನ್ನೋ ಪಟ್ಟಿಗಳು, ಮೊದ್ಲು ಡಿನೈಯೂಸರ್ಸ್, ಆಮೇಲೆ ಅಲೋಯೂಸರ್ಸ್, ಡಿನೈಗ್ರೂಪ್ಸ್, ಕೊನೆಗೆ ಅಲೋಗ್ರೂಪ್ಸ್, ಇದೇ ಕ್ರಮ. ನನ್ನ ಕೇಳಿದ್ರೆ ಅಲೋಯೂಸರ್ಸ್ ತೆಗೆದು ಗ್ರೂಪ್ ಒಂದೇ ಇಟ್ಕೊಳಿ, ಕೆಲಸದೋರು ಬದಲಾದಾಗೆಲ್ಲ ಫೈಲ್ ಮುಟ್ಟೋದು ತಪ್ಪುತ್ತೆ. ಸೇವ್ ಮಾಡಿ ಅದೇ ಕಮಾಂಡಿಗೆ ದೊಡ್ಡ ಟಿ ಬದಲು ಚಿಕ್ಕ ಟಿ ಹಾಕಿ ಚೆಕ್ ಮಾಡಿ, ಏನೂ ಬರದಿದ್ರೆ ಸರಿ ಇದೆ ಅಂತ, ಆಮೇಲೆ ರೀಲೋಡ್. ಈಗ ತೆರೆದಿರೋ ವಿಂಡೋ ಮಾತ್ರ ಮುಚ್ಚಬೇಡಿ, ಇನ್ನೊಂದ್ರಲ್ಲಿ ಲಾಗಿನ್ ಆಗಿ ನೋಡೋವರೆಗೂ.

ಚಿಂತಾಮಣಿ_ನೆಟ್:
ಬರೀ ಪಟ್ಟಿ ಏರಿಸೋಕೆ ಅವರಿಗೆ ಪೂರ್ತಿ ಶೆಲ್ (ಕಮಾಂಡ್ ಹೊಡೆಯೋ ಜಾಗ) ಯಾಕಣ್ಣ? ಫೈಲ್ ಕೊನೆಗೆ ಅವರ ಹೆಸರಿಗೆ ಮ್ಯಾಚ್ ಯೂಸರ್ ಹಾಕಿ, ಅದರೊಳಗೆ ಫೋರ್ಸ್‌ಕಮಾಂಡ್ ಇಂಟರ್ನಲ್ ಹೈಫನ್ ಎಸ್‌ಎಫ್‌ಟಿಪಿ ಕೊಡಿ, ಕಮಾಂಡ್ ಹೊಡೆಯೋಕಾಗಲ್ಲ, ಫೈಲ್ ಮಾತ್ರ ಹೋಗುತ್ತೆ. ಮ್ಯಾಚ್ ಆದ್ಮೇಲೆ ಬರೆದಿದ್ದೆಲ್ಲ ಮುಂದಿನ ಮ್ಯಾಚ್ ಬರೋವರೆಗೂ ಅದಕ್ಕೇ ಸೇರುತ್ತೆ, ಅದಕ್ಕೇ ಕೊನೆಗೆ ಹಾಕಿ ಅಂದಿದ್ದು. ಒಂದು ಫೋಲ್ಡರಿಂದ ಆಚೆ ಹೋಗದಂಗೆ ಮಾಡೋ ಕ್ರೂಟ್‌ಡೈರೆಕ್ಟರಿನೂ ಕೊಟ್ರೆ ಆ ಫೋಲ್ಡರ್ ರೂಟ್ ಹೆಸರಲ್ಲೇ ಇರ್ಬೇಕು, ಬೇರೆಯೋರಿಗೆ ರೈಟ್ ಪರ್ಮಿಷನ್ ಇರಬಾರ್ದು, ಏರಿಸೋಕೆ ಒಳಗೊಂದು ಫೋಲ್ಡರ್ ಮಾಡಿ ಅವರ ಹೆಸರಿಗೆ ಕೊಡಿ.

ತಿಪಟೂರು_ಮಂಡಿ:
ಅಲೋಯೂಸರ್ಸ್ ಡಾಟ್ ಡಿ ಒಳಗೇ ಇತ್ತು ಸಾರ್, ತೆಗೆದೆ, ಗುಮಾಸ್ತರಿಗೆ ಲಾಗಿನ್ ಆಯ್ತು. ಎಸ್‌ಎಫ್‌ಟಿಪಿದೂ ಮಾಡಿದೆ, ಶೆಲ್ ಸಿಗ್ತಿಲ್ಲ, ಪಟ್ಟಿ ಏರ್ತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.