ಸಕ್ಕರೆ 7.4, ಸಂಜೆಯ ಬನ್ಸ್ ಬಿಡಲಾಗುತ್ತಿಲ್ಲ: ಬಿಟ್ಟವರು ಅನುಭವ ಹೇಳಿ

ಕೇಳಿದವರು, ಸುರತ್ಕಲ್: ವಯಸ್ಸು 44, ಸಹಕಾರಿ ಸಂಘದಲ್ಲಿ ಗುಮಾಸ್ತ. ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 7.4 ಬಂದಿದೆ. ಬೆಳಿಗ್ಗೆ ಗಟ್ಟಿ ಮನಸ್ಸು ಮಾಡುತ್ತೇನೆ. ಸಂಜೆ ನಾಲ್ಕಕ್ಕೆ ಎಲ್ಲರೂ ಎದ್ದರೆ ನಾನೂ ಹೋಗಿ ಬನ್ಸ್, ಚಹಾ ಮುಗಿಸಿ ಬರುತ್ತೇನೆ. ಮೈಯಲ್ಲಿ ಏನೂ ತೊಂದರೆ ಕಾಣುತ್ತಿಲ್ಲ. ನೀವು ಹೇಗೆ ಬಿಟ್ಟಿರಿ?

ಕಾಪು: ನನಗೂ ಏನೂ ಕಾಣುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಎಂಟು ನಿಮಿಷ ಸಿಕ್ಕರೆ ಗೋಳಿಬಜೆ, ಚಹಾ. ಊಟಕ್ಕೆ ಅಷ್ಟು ಹೊತ್ತು ಸಾಲದು. ದುಡಿದ ದಿನದ ಸಂಬಳ ಅಂದೇ ಕೈಗೆ. ರಕ್ತಪರೀಕ್ಷೆಗೆಂದು ರಜೆ ಹಾಕಿದರೆ ಅಂದಿನದು ಹೋಯಿತು, ಹಾಗಾಗಿ ಎರಡು ವರ್ಷ ಹೋಗಲೇ ಇಲ್ಲ. ಹೊಸ ಚಪ್ಪಲಿ ಕಚ್ಚಿದ್ದು ಗೊತ್ತಾಗಲಿಲ್ಲ, ಪಾದದ ಸ್ಪರ್ಶ ಆಗಲೇ ಹೋಗಿತ್ತು. ಡ್ರೆಸ್ಸಿಂಗ್‌ಗೆ 350 ರೂಪಾಯಿಯಂತೆ 41 ದಿನ: 14,350. ರಿಕ್ಷಾ ಬಾಡಿಗೆ ಬೇರೆ. ಕೊನೆಗೆ ಬಲಗಾಲಿನ ಕಿರುಬೆರಳು ತೆಗೆದರು, ಅದಕ್ಕೆ 62,000. ನಾಲ್ಕು ತಿಂಗಳು ಮನೆಯಲ್ಲಿ. ಅಡವಿಟ್ಟ ಹೆಂಡತಿಯ ಎರಡೂವರೆ ಪವನಿನ ಸರ ಇನ್ನೂ ಬಿಡಿಸಿಲ್ಲ.

ಕುಂಜಿಬೆಟ್ಟು, ಉಡುಪಿ: ನಾನು ಒಂಬತ್ತು ತಿಂಗಳಲ್ಲಿ 8.1ರಿಂದ 6.3ಕ್ಕೆ ಇಳಿಸಿದ್ದೇನೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಆ ಕಣಕ್ಕೆ ಅಂಟಿದ ಸಕ್ಕರೆ ಅಳೆಯುವ ಎಚ್‌ಬಿಎ1ಸಿ ಹೇಳುವುದು ಕಳೆದ ಎರಡು ಮೂರು ತಿಂಗಳ ಲೆಕ್ಕ. ಇಂದು ತಿಂಡಿ ಬಿಟ್ಟವಳಿಗೆ ಅಷ್ಟು ದೂರದ ಫಲ ಸಾಲಲಿಲ್ಲ. ಬೆರಳು ಚುಚ್ಚಿ ಆ ಹೊತ್ತಿನ ಸಕ್ಕರೆ ನೋಡುವ ಗ್ಲುಕೋಮೀಟರ್ ತಂದೆ, ಅದರ 50 ಪರೀಕ್ಷಾ ಪಟ್ಟಿಗೆ 950 ರೂಪಾಯಿ. ಬನ್ಸ್ ತಿಂದು ಎರಡು ಗಂಟೆ ಬಿಟ್ಟು ನೋಡಿದರೆ 236, ಕಡಲೆ ಉಸಲಿ ತಿಂದ ದಿನ 151. ಅಂದೇ ಬನ್ಸ್ ಬಿಟ್ಟೆ. ಬೆಳಿಗ್ಗೆ ಆರಕ್ಕೆ ನೆರೆಮನೆಯ ಅಕ್ಕ ಗೇಟಿನ ಬಳಿ ಬಂದು ನಿಲ್ಲುತ್ತಾರೆ; ಅವರನ್ನು ಕಾಯಿಸಲು ಸಂಕೋಚ, ನಡಿಗೆ ತಪ್ಪಿಲ್ಲ. ಅಷ್ಟಮಿಯ ಉಂಡೆ, ಚಕ್ಕುಲಿಗೆ ಮಾತ್ರ ಸೋತೆ, ಸುಧಾರಿಸಲು ಐದು ವಾರ ಬೇಕಾಯಿತು. ಪುರುಸೊತ್ತಿಲ್ಲ ಎನ್ನುವುದೆಲ್ಲ ನೆಪ ಮಾರಾಯರೇ.

ಕಾಪು: ನೆಪವೇ? ನನ್ನ ಮೊದಲ ಟ್ರಿಪ್ 5.50ಕ್ಕೆ. ಒಂದು ಸಲ ಚುಚ್ಚಿ ನೋಡಲು 19 ರೂಪಾಯಿ, ಅದು ಒಂದು ಹೊತ್ತಿನ ಚಹಾದ ದುಡ್ಡು. ಬೆರಳು ಹೋದವನ ಮುಂದೆ ಹೀಗೆ ಮಾತಾಡಬೇಡಿ.

ಕಂಕನಾಡಿ: ಎಲ್ಲ ಬೆಳ್ತಿಗೆ (ಬಿಳಿ) ಅಕ್ಕಿಯ ಕೆಲಸ. ಕುಚ್ಚಲಕ್ಕಿ ಉಂಡವರಿಗೆ ಸಕ್ಕರೆ ಏರುವುದಿಲ್ಲ. ನನ್ನ ತಂದೆ 81ರವರೆಗೂ ಮೂರು ಹೊತ್ತು ಗಂಜಿ ಉಂಡರು.

ಕುಂಜಿಬೆಟ್ಟು: ತಪ್ಪು ಹೇಳಬೇಡಿ. ಕುಚ್ಚಲಕ್ಕಿಯೂ ಪಿಷ್ಟವೇ. ಎರಡು ಬಟ್ಟಲು ಉಂಡ ದಿನ ನನಗೆ 228. ನಿಮ್ಮ ತಂದೆ ಗದ್ದೆಗೆ ಇಳಿದವರಿರಬೇಕು, ಕರಗಿತು.

ಕಂಕನಾಡಿ: ನನ್ನ ತಂದೆ ಶಾಲಾ ಮಾಸ್ತರರು. ನಾಲ್ಕು ಅಂಕಿ ಬರೆದಿಟ್ಟ ಮಾತ್ರಕ್ಕೆ ಯಾರೂ ವೈದ್ಯರಾಗುವುದಿಲ್ಲ.

ಕುಂಜಿಬೆಟ್ಟು: ಒಂದೇ ಒಂದು ದಿನ ಗಂಜಿ ಉಂಡು ಎರಡು ಗಂಟೆ ಬಿಟ್ಟು ನೋಡಿ. ಪಟ್ಟಿ ನಾನೇ ಕೊಡುತ್ತೇನೆ.

ಕಾಪು: ಅಕ್ಕಿಯ ಜಗಳ ನೀವಿಬ್ಬರೇ ಮುಗಿಸಿಕೊಳ್ಳಿ. ಸುರತ್ಕಲ್‌ನ ಅಣ್ಣ, ಗುಳಿಗೆಯನ್ನು ನಾನೀಗ ಸರಕಾರಿ ಆರೋಗ್ಯ ಕೇಂದ್ರದಿಂದ ತರುತ್ತೇನೆ, ದುಡ್ಡು ಕೊಡಬೇಕಾಗಿಲ್ಲ. ಇಂದು ರಾತ್ರಿ ದೀಪದ ಬೆಳಕಿಗೆ ಪಾದ ಹಿಡಿದು ನೋಡಿಕೊಳ್ಳಿ, ಬೆರಳ ಸಂದುಗಳನ್ನೂ. ಅಡಿ ಕಾಣದಿದ್ದರೆ ಕನ್ನಡಿ ಇಟ್ಟುಕೊಳ್ಳಿ.